ಕಾಯದೆ ಯಾರ ಕೈಯೊಳಗಿನ ಕೊಳಗ?

‘ಕಾಯದೆಯಲ್ಲಿ ರಾಜಕೀಯ ಬೆರೆಸಬೇಡಿರಿ’ ಎಂಬ ಮಾತನ್ನು ನಾವು ಎಷ್ಟು ಸಲ ಕೇಳಿಲ್ಲ? ತಹಶೀಲ ಕಚೇರಿಯ ಕಟ್ಟೆಯ ಮೇಲೆ ಕೇಳಿದ್ದೇವೆ, ಗಿರಣಿಯ ಮ್ಯಾನೇಜರನ ಕೋಣೆಯಲ್ಲಿ ಕೇಳಿದ್ದೇವೆ, ವಕೀಲರ ಕರಿಕೋಟಿನ ನೆರಳಿನಲ್ಲಿಯೂ ಕೇಳಿದ್ದೇವೆ. ಹೇಳುವವರ ದನಿಯಲ್ಲಿ ಒಂದು ಮಡಿ ಇರುತ್ತದೆ. ಕಾಯದೆ ಗುಡಿ, ರಾಜಕೀಯ ಚಪ್ಪಲಿ. ಹೊರಗೆ ಬಿಟ್ಟು ಒಳಗೆ ಬನ್ನಿರಿ ಎನ್ನುವ ಹಾಗೆ. ಬಡವ ಪಾಪ, ಬಿಟ್ಟೇ ಬರುತ್ತಾನೆ. ಒಳಗೆ ಹೋಗಿ ನೋಡಿದರೆ ಗರ್ಭಗುಡಿಯಲ್ಲಿ ಇನ್ನೊಬ್ಬರ ಚಪ್ಪಲಿಗಳು ಮೊದಲೇ ಸಾಲಾಗಿ ಕುಳಿತಿರುತ್ತವೆ.

ಈ ಮಾತನ್ನು ತೂಗಿ ನೋಡಲು ದೊಡ್ಡ ಗ್ರಂಥಭಂಡಾರ ಬೇಕಾಗಿಲ್ಲ. ರಾಣೇಬೆನ್ನೂರು ತಾಲೂಕಿನ ಐರಣಿಗೆ ಹೋಗಿ ತುಂಗಭದ್ರೆಯ ದಂಡೆಯಲ್ಲಿ ಒಂದು ಗಳಿಗೆ ನಿಂತರೆ ಸಾಕು. ಕಂಬಳಿಗೆ ಹೆಸರಾದ ಊರು. ಹಳೆಯ ಕೋಟೆಯ ಊರು. 1956ರ ಅಕ್ಟೋಬರ್ 31ರ ತನಕ ಐರಣಿಯಲ್ಲಿ ನಡೆಯುತ್ತಿದ್ದುದು ಮುಂಬಯಿ ಸರಕಾರದ ಕಾಯದೆ. ಹೊಳೆ ದಾಟಿ ಹರಿಹರಕ್ಕೆ ಹೋದರೆ ಅಲ್ಲಿ ಮೈಸೂರಿನ ಕಾಯದೆ. ಕುಡಿಯುವ ನೀರು ಒಂದು, ಆಡುವ ಮಾತು ಒಂದು, ಕೊಟ್ಟು ತರುವ ನೆಂಟಸ್ತನವೂ ಉಂಟು. ಆದರೆ ಅಣ್ಣ ಈಚೆ ಉತ್ತರೆ ಒಂದು ಹಕ್ಕು, ತಮ್ಮ ಆಚೆ ಉತ್ತರೆ ಇನ್ನೊಂದು. ಕಾಯದೆ ಎಂಬುದು ಮೇಲಿನಿಂದ ಇಳಿದ ನಿರ್ಮಲ ವಸ್ತುವಾಗಿದ್ದರೆ ಹೊಳೆಯ ನಡುವೆ ಗೆರೆ ಕಂಡ ಕೂಡಲೆ ಮೈ ಬದಲಿಸಿಕೊಳ್ಳಬಾರದಾಗಿತ್ತು. ಆ ಗೆರೆಯನ್ನು ಎಳೆದವರು ನ್ಯಾಯಾಧೀಶರಲ್ಲ.

ಆದರೆ ನಾವು ಹೇಳಹೊರಟಿರುವ ಕಥೆ ಆ ಗೆರೆ ಅಳಿಸಿದ ಮೇಲಿನದು. ಇದನ್ನು ನಮ್ಮ ಹಿರಿಯರು ಅನುಭವಿಸಿದರು. ನಮ್ಮ ಹುಡುಗರಿಗೆ ಶಾಲೆಯಲ್ಲಿ ಯಾರೂ ಹೇಳಲಿಲ್ಲ.

ಮುಂಬಯಿ ಸರಕಾರ 1948ರಲ್ಲಿ ಒಂದು ಟೆನೆನ್ಸಿ ಕಾಯದೆ ಮಾಡಿತ್ತು. 1956ರಲ್ಲಿ ಅದಕ್ಕೆ ದೊಡ್ಡ ತಿದ್ದುಪಡಿ ಬಂತು. 1957ರ ಏಪ್ರಿಲ್ 1ನೆಯ ತಾರೀಖು ‘ಉಳುವವನ ದಿನ’. ಅಂದು ಲಾವಣಿ ಹೊಲ ಮಾಡುವವನು ಅರ್ಜಿ ಕೊಡಬೇಕಾಗಿಲ್ಲ, ಕೈ ಮುಗಿಯಬೇಕಾಗಿಲ್ಲ. ಕೆಲವು ಷರತ್ತುಗಳಿಗೆ ಒಳಪಟ್ಟು ಆ ಹೊಲವನ್ನು ಅವನು ಕೊಂಡನೆಂದೇ ಕಾಯದೆ ತಿಳಿಯಬೇಕು. ಬೆಲೆ ಪುಕ್ಕಟೆಯಲ್ಲ. ಆಕಾರದ 20 ಪಟ್ಟಿನಿಂದ 200 ಪಟ್ಟಿನ ಒಳಗೆ ನ್ಯಾಯಮಂಡಳಿ ಗೊತ್ತು ಮಾಡಿದ್ದನ್ನು ಕಂತಿನಲ್ಲಿ ಕಟ್ಟಬೇಕು. ಲೂಟಿ ಎನ್ನುವವರು ಈ ಲೆಕ್ಕವನ್ನು ಒಮ್ಮೆ ಓದಬೇಕು. ಈ ತಿದ್ದುಪಡಿ 1956ರ ಆಗಸ್ಟಿನಲ್ಲಿ ಜಾರಿಗೆ ಬಂದಾಗ ಧಾರವಾಡ ಜಿಲ್ಲೆ ಇನ್ನೂ ಮುಂಬಯಿಯಲ್ಲಿಯೇ ಇತ್ತು. ಐರಣಿಯೂ ಅದರೊಳಗೇ ಇತ್ತು.

ನವೆಂಬರ್ 1ಕ್ಕೆ ಕರ್ನಾಟಕ ಒಂದಾಯಿತು. ಹುಬ್ಬಳ್ಳಿ ಧಾರವಾಡಗಳಲ್ಲಿ ಸಂತೋಷವೋ ಸಂತೋಷ. ನಾವೂ ಏಕೀಕರಣದವರೇ, ಆ ಸಂತೋಷಕ್ಕೆ ನಾವು ಹುಳಿ ಹಿಂಡುವುದಿಲ್ಲ. ಆದರೆ ಸಂಸಾರ ಒಂದಾದ ಆರು ತಿಂಗಳೊಳಗೆ ಏನಾಯಿತು? ಮೈಸೂರು ಸರಕಾರ 1957ರಲ್ಲಿ ಕಾಯದೆಯ ಮೂಲಕವೇ ಆ ಕಲಮುಗಳನ್ನು ನಮ್ಮ ನಾಲ್ಕು ಜಿಲ್ಲೆಗಳ ಮಟ್ಟಿಗೆ ಅಮಾನತ್ತಿನಲ್ಲಿಟ್ಟಿತು. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ. ಏಪ್ರಿಲ್ 1 ಬಂತು, ಹೋಯಿತು. ಕೊಲ್ಲಾಪುರದ ಒಕ್ಕಲಿಗನಿಗೆ ಅದು ಉಳುವವನ ದಿನ. ಐರಣಿಯ ಒಕ್ಕಲಿಗನಿಗೆ ಬರಿಯ ಏಪ್ರಿಲ್ ಒಂದು. ಇಂಗ್ಲೀಷರು ಆ ತಾರೀಖಿಗೆ ಕೊಟ್ಟ ಹೆಸರು ನಮ್ಮ ಕಡೆ ಹೀಗೆ ಸಾರ್ಥಕವಾಯಿತು.

ಈಗ ವಾಚಕರು ಸ್ವಲ್ಪ ತಾಳ್ಮೆಯಿಂದ ನೋಡಬೇಕು. ಆ ಕಾಯದೆಯಲ್ಲಿ ಕಾಯದೆಯ ದೃಷ್ಟಿಯಿಂದ ಏನಾದರೂ ದೋಷವಿತ್ತೇ? ಇರಲಿಲ್ಲ. 1951ರ ಜೂನಿನಲ್ಲಿ ಸಂವಿಧಾನಕ್ಕೆ ಮೊದಲನೆಯ ತಿದ್ದುಪಡಿ ತಂದು ಒಂಬತ್ತನೆಯ ಅನುಸೂಚಿ ಎಂಬ ಒಂದು ಕೋಟೆ ಕಟ್ಟಿದರು; ಅದರೊಳಗೆ ಇಟ್ಟ ಕಾಯದೆಯನ್ನು ಮೂಲಭೂತ ಹಕ್ಕಿನ ಹೆಸರಿನಲ್ಲಿ ಕೋರ್ಟು ಮುಟ್ಟಬಾರದು. ಆ ಕೋಟೆಯೊಳಗೆ ಎರಡನೆಯದಾಗಿ ಕುಳಿತದ್ದೇ ಮುಂಬಯಿಯ 1948ರ ಟೆನೆನ್ಸಿ ಕಾಯದೆ. ಮುಂದೆ 1956ರ ತಿದ್ದುಪಡಿಯನ್ನು ಭೂಮಾಲಿಕರು ಸುಪ್ರೀಂ ಕೋರ್ಟಿಗೆ ಒಯ್ದಾಗ, 1958ರ ನವೆಂಬರಿನಲ್ಲಿ ಕೋರ್ಟು ಅದನ್ನು ಎತ್ತಿಹಿಡಿಯಿತು. ದಿಲ್ಲಿಯ ನ್ಯಾಯಾಧೀಶರಿಗೆ ಸರಿ, ಸಂವಿಧಾನಕ್ಕೆ ಸರಿ. ಹಾಗಾದರೆ ಅದನ್ನು ಐರಣಿಯ ಹೊಲಕ್ಕೆ ಕಾಲಿಡದಂತೆ ತಡೆದವರು ಯಾರು? ಕೋರ್ಟಿನ ದಿಕ್ಕಿಗೆ ಗೋಡೆ ಕಟ್ಟಿದ್ದರು. ವಿಧಾನಸೌಧದ ದಿಕ್ಕಿನ ಬಾಗಿಲು ತೆರೆದೇ ಇತ್ತು.

ಅವರು ಕೊಟ್ಟ ಕಾರಣವನ್ನು ನಾವು ಮುಚ್ಚಿಡುವುದಿಲ್ಲ. ಹೊಸ ರಾಜ್ಯದಲ್ಲಿ ಮುಂಬಯಿ, ಹೈದರಾಬಾದು, ಮದರಾಸು, ಕೊಡಗು, ಹಳೆ ಮೈಸೂರುಗಳ ಕಾಯದೆಗಳು ಬೇರೆ ಬೇರೆ; ಎಲ್ಲಕ್ಕೂ ಸಮನಾದ ಒಂದು ಕಾಯದೆ ಬೇಕು; ಅದಕ್ಕಾಗಿ ಬಿ. ಡಿ. ಜತ್ತಿಯವರ ಅಧ್ಯಕ್ಷತೆಯಲ್ಲಿ 1957ರಲ್ಲಿ ಸಮಿತಿ. ಮಾತು ಸಮಂಜಸವಾಗಿಯೇ ಕೇಳಿಸುತ್ತದೆ. ಆದರೆ ಮನೆಯಲ್ಲಿ ಐದು ಮಕ್ಕಳಿದ್ದು ಒಬ್ಬನಿಗೆ ಮಾತ್ರ ಅಂಗಿ ಇದ್ದರೆ ಉಳಿದ ನಾಲ್ವರಿಗೆ ಹೊಲಿಸುವುದು ಸಮಾನತೆಯೋ, ಇವನದನ್ನೂ ಬಿಚ್ಚಿಸಿ ದರ್ಜಿ ಬರುವ ತನಕ ಬರಿಮೈಯಲ್ಲಿ ನಿಲ್ಲಿಸುವುದೋ? ದರ್ಜಿ ಬರಲು ಎಂಟು ವರ್ಷ ಹಿಡಿಯಿತು. ಮೈಸೂರು ಭೂ ಸುಧಾರಣಾ ಕಾಯದೆ 1961ರದು. ರಾಷ್ಟ್ರಪತಿಗಳ ಒಪ್ಪಿಗೆ 1962ರಲ್ಲಿ. ಜಾರಿ 1965ರ ಅಕ್ಟೋಬರ್ 2ಕ್ಕೆ. ಗಾಂಧೀಜಯಂತಿಯ ಮುಹೂರ್ತ ಮಾತ್ರ ತಪ್ಪಲಿಲ್ಲ. ಆ ಕಾಯದೆಯೊಳಗೂ ‘ಸ್ವಂತ ಸಾಗುವಳಿ’ಗೆಂದು ಭೂಮಾಲಿಕ ಹೊಲ ವಾಪಸು ಕೇಳುವ ದಾರಿ ಇತ್ತು, ಬದುವಿನ ಮೇಲೆ ಕೊಡೆ ಹಿಡಿದು ನಿಂತು ಆಳಿನಿಂದ ಮಾಡಿಸಿದರೂ ಅದು ಸ್ವಂತ ಸಾಗುವಳಿಯೇ.

ನಡುವಣ ಆ ವರ್ಷಗಳಲ್ಲಿ ಏನು ನಡೆಯಿತೆಂಬುದನ್ನು ಹಳಬರು ಬಲ್ಲರು. ಕಾಗದದ ಮೇಲೆ ಲಾವಣಿದಾರನಿಗೆ ರಕ್ಷಣೆ ಇತ್ತು. ಅದಕ್ಕೇ ಅವನಿಂದ ರಾಜೀನಾಮೆ ಬರೆಸಬೇಕಾಗಿತ್ತು. ‘ನಾನು ಸ್ವಖುಷಿಯಿಂದ ಜಮೀನು ಬಿಟ್ಟುಕೊಟ್ಟಿದ್ದೇನೆ.’ ಮಗಳ ಮದುವೆಯ ಸಾಲ, ಕಡ ತಂದ ಬಿತ್ತನೆಯ ಜೋಳ, ಊರಲ್ಲಿ ಬಾಳಬೇಕಲ್ಲ ಎಂಬ ಅಂಜಿಕೆ, ಇವೆಲ್ಲ ಸೇರಿ ಸ್ವಖುಷಿ. ಹೆಬ್ಬೆಟ್ಟು ಒತ್ತಿದ. ಉತಾರದಲ್ಲಿ ಹೆಸರು ಹೋಯಿತು. ಮರುದಿನ ಅದೇ ಹೊಲದಲ್ಲಿ ಅದೇ ಎತ್ತು, ಅದೇ ಮನುಷ್ಯ; ಆದರೆ ಈಗ ಕೂಲಿ. ಒಂದು ಕಲಮೂ ಮುರಿಯಲಿಲ್ಲ. ದೇಶದ ತುಂಬ ಹೀಗೆಯೇ ನಡೆಯಿತೆಂದು ಯೋಜನಾ ಆಯೋಗದವರೇ ಬರೆದುಕೊಂಡರು. ‘ಸ್ವಖುಷಿ’ ಎಂಬ ಈ ಮಾತನ್ನು ಗಿರಣಿಯ ಬಂಧುಗಳು ನೆನಪಿನಲ್ಲಿಡಬೇಕು; ಮುಂದೆ ಬೇಕಾಗುತ್ತದೆ.

ಈ ಕೊಳಗದ ಮೋಸ ನಮಗೆ ಹೊಸದಲ್ಲ. ಪಕ್ಕದ ಶಿವಮೊಗ್ಗ ಜಿಲ್ಲೆಯ ಕಾಗೋಡಿನಲ್ಲಿ 1951ರ ಏಪ್ರಿಲ್ 18ಕ್ಕೆ ಸತ್ಯಾಗ್ರಹ ಹೂಡಿದಾಗ ಮೊದಲ ಜಗಳ ಅಳತೆಯ ಕೊಳಗದ್ದೇ. ಕೊಡುವಾಗ ಒಂದು ಕೊಳಗ, ಗೇಣಿ ಅಳೆಸಿಕೊಳ್ಳುವಾಗ ಇನ್ನೊಂದು ದೊಡ್ಡ ಕೊಳಗ. ಉತ್ತ ಗದ್ದೆಗೆ ನೇಗಿಲು ಹೊತ್ತು ಹೋದ ಗೇಣಿದಾರನನ್ನು ಅತಿಕ್ರಮಣವೆಂದು ಹಿಡಿದರು. ಕಾಯದೆ ಮುರಿದವನು ಯಾರೆಂದು ಕೇಳಿದರೆ ಉತ್ತರ ಸಿದ್ಧವಿತ್ತು: ನೇಗಿಲು ಹೊತ್ತವನು. ಜೂನಿನಲ್ಲಿ ಲೋಹಿಯಾ ಬಂದರು, ಅವರನ್ನೂ ಹಿಡಿದರು. ಅದೇ ಜೂನಿನಲ್ಲಿಯೇ ದಿಲ್ಲಿಯಲ್ಲಿ ಭೂಸುಧಾರಣೆಗಾಗಿ ಸಂವಿಧಾನವನ್ನು ತಿದ್ದುತ್ತಿದ್ದರು! ದಿಲ್ಲಿಯಲ್ಲಿ ಉಳುವವನ ಪರವಾಗಿ ತಿದ್ದುಪಡಿ, ಸಾಗರದಲ್ಲಿ ಉಳುವವನ ಪರ ಬಂದವನಿಗೆ ಬೇಡಿ. ಸರಕಾರ ನಡೆಸುತ್ತಿದ್ದ ಪಕ್ಷ ಎರಡೂ ಕಡೆಗೆ ಒಂದೇ. 1952ರ ಚುನಾವಣೆಯಲ್ಲಿ ಆ ಕಡೆಯ ಜನ ಶಾಂತವೇರಿ ಗೋಪಾಲಗೌಡರನ್ನು ವಿಧಾನಸಭೆಗೆ ಕಳಿಸಿದರು. ಕೊಳಗದ ಪ್ರಶ್ನೆ ಕಾಯದೆ ಮಾಡುವ ಮನೆಯೊಳಗೆ ಹೊಕ್ಕದ್ದು ಹೀಗೆ.

ಬಾಬಾಸಾಹೇಬ ಅಂಬೇಡಕರರು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಮಾಡಿದ ಭಾಷಣವನ್ನು ಇಂಥ ಸಂದರ್ಭದಲ್ಲಿ ನಮ್ಮ ಮುಖಕ್ಕೆ ಹಿಡಿಯುವವರುಂಟು. ಸಂವಿಧಾನದ ದಾರಿ ತೆರೆದಿರುವಾಗ ಸತ್ಯಾಗ್ರಹ, ಅಸಹಕಾರಗಳನ್ನು ಬಿಡಬೇಕೆಂದು ಅವರು ಹೇಳಿದ್ದು ನಿಜ. ಇಲ್ಲಿ ನಾವು ಅವರಿಗೆ ಕೈ ಮುಗಿದು ಭಿನ್ನರಾಗುತ್ತೇವೆ. ಆದರೆ ಅದೇ ಭಾಷಣದ ಇನ್ನೊಂದು ಭಾಗವನ್ನು ಈ ಮಹನೀಯರು ಯಾಕೆ ಓದುವುದಿಲ್ಲ? ಮತದಲ್ಲಿ ಸಮಾನತೆ ಕೊಟ್ಟು ಬದುಕಿನಲ್ಲಿ ಅಸಮಾನತೆ ಉಳಿಸಿದರೆ, ನೊಂದವರು ಈ ಪ್ರಜಾಪ್ರಭುತ್ವದ ಕಟ್ಟಡವನ್ನೇ ಒಡೆದುಹಾಕುತ್ತಾರೆಂದು ಎಚ್ಚರಿಸಿದವರೂ ಅವರೇ. ಕಾಗೋಡಿನವರು ಕಟ್ಟಡ ಒಡೆಯಲಿಲ್ಲ. ಕದ ಬಡಿದರು.

ಇನ್ನು ಪಂಡಿತರ ಮಾತು. ವಿಯೆನ್ನಾದಲ್ಲಿ ಹಾನ್ಸ್ ಕೆಲ್ಸೆನ್ ಎಂಬ ದೊಡ್ಡ ವಿದ್ವಾಂಸನಿದ್ದ. ಕಾಯದೆಯ ಶಾಸ್ತ್ರವನ್ನು ರಾಜಕೀಯದಿಂದ, ನೀತಿಬೋಧೆಯಿಂದ ಸೋಸಿ ಶುದ್ಧ ಮಾಡಬೇಕೆಂದು ಆತನ ಹಟ. 1934ರಲ್ಲಿ ಆ ಹೆಸರಿನದೇ ಒಂದು ಗ್ರಂಥ ಬರೆದ. ಆಸ್ಟ್ರಿಯಾ ದೇಶದ 1920ರ ಸಂವಿಧಾನ ಬರೆಯುವುದರಲ್ಲಿ ಆತನ ಕೈ ಇತ್ತು, ಅಲ್ಲಿಯ ಸಂವಿಧಾನ ನ್ಯಾಯಾಲಯದಲ್ಲಿ ನ್ಯಾಯಾಧೀಶನೂ ಆಗಿದ್ದ. ರಾಜಕೀಯದವರು 1930ರಲ್ಲಿ ಆತನನ್ನು ಆ ಪೀಠದಿಂದ ಇಳಿಸಿದರು. ಜರ್ಮನಿಯ ಕಲೋನಿಗೆ ಹೋಗಿ ಪಾಠ ಹೇಳುತ್ತಿದ್ದಾಗ 1933ರಲ್ಲಿ ನಾಝಿಗಳು ಅಲ್ಲಿಂದಲೂ ತೆಗೆದರು. ಶುದ್ಧ ಕಾಯದೆಯ ಗುರುವಿನ ಬಾಳಿನಲ್ಲಿ ರಾಜಕೀಯ ಎರಡು ಸಲ ಬಾಗಿಲು ಒದ್ದು ಬಂತು. ನಾವು ಆತನನ್ನು ಹಂಗಿಸಲು ಇದನ್ನು ಬರೆಯುತ್ತಿಲ್ಲ. ಅಂಥ ಕಾಲದಲ್ಲಿ ಶುದ್ಧವಾದದ್ದೊಂದನ್ನು ಹುಡುಕಿದವನ ಸಂಕಟ ನಮಗೆ ತಿಳಿಯುತ್ತದೆ.

ಹಂಗಿಸಬೇಕಾದವನು ಇನ್ನೊಬ್ಬನಿದ್ದಾನೆ. ಅದೇ ಕಲೋನಿನಲ್ಲಿ ಕಾರ್ಲ್ ಶ್ಮಿಟ್ ಎಂಬ ಇನ್ನೊಬ್ಬ ಪಂಡಿತ. ಕಾಯದೆಯ ಬುಡದಲ್ಲಿರುವುದು ಅಧಿಕಾರಸ್ಥನ ತೀರ್ಮಾನ, ಸಂಕಟಕಾಲ ಯಾವುದೆಂದು ಗೊತ್ತು ಮಾಡುವವನೇ ಸಾರ್ವಭೌಮ ಎಂದು ಆತನ ವಾದ. ಕೆಲ್ಸೆನ್‌ನನ್ನು ತೆಗೆಯಬೇಡಿರೆಂದು ಜೊತೆಯ ಅಧ್ಯಾಪಕರು ಅರ್ಜಿ ಬರೆದಾಗ ಸಹಿ ಹಾಕದೆ ಉಳಿದವನು ಈತನೊಬ್ಬನೇ. ಆ ವರ್ಷವೇ ನಾಝಿ ಪಕ್ಷ ಸೇರಿದ.

ಇದನ್ನು ನಮ್ಮವರಿಗಾಗಿಯೇ ಬರೆಯುತ್ತಿದ್ದೇವೆ. ನಮ್ಮ ಸಂಗಾತಿಗಳಲ್ಲಿಯೂ ಕೆಲವರು ಕಟ್ಟೆಯ ಮೇಲೆ ಕುಳಿತು, ‘ಕಾಯದೆ ಅಂದರೆ ಸಾಹುಕಾರನ ಬಡಿಗೆ, ಅಷ್ಟೇ, ಅದರ ಗೊಡವೆ ನಮಗೆ ಯಾಕೆ?’ ಎಂದು ಬೀಡಿ ಹಚ್ಚುತ್ತಾರೆ. ಅಷ್ಟೇ ಆಗಿದ್ದರೆ ಸಾಹುಕಾರನಿಗೆ 1957ರಲ್ಲಿ ಅಷ್ಟು ಅವಸರ ಯಾಕಿತ್ತು? ಕಾಯದೆಗೆ ತನ್ನದೇ ಬಲವಿಲ್ಲದಿದ್ದರೆ ಆ ಕಲಮುಗಳನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವ ಕೆಲಸವೇ ಇರಲಿಲ್ಲ. ಬಡಿಗೆಯೆಂದು ಬಿಟ್ಟುಬಿಟ್ಟರೆ ಏನಾಗುತ್ತದೆಂಬುದನ್ನು ಈ ದೇಶ 1975ರಲ್ಲಿ ಕಂಡಿತು. ಜೂನ್ 26ರಂದು ಬೆಂಗಳೂರಿನಲ್ಲಿ ಹಿಡಿದ ವಿರೋಧ ಪಕ್ಷದವರಲ್ಲಿ ನಮ್ಮ ಮಧು ದಂಡವತೆಯೂ ಇದ್ದರು. ಅವರು ಕರ್ನಾಟಕ ಹೈಕೋರ್ಟಿಗೆ ಹೋದರು. ಅರ್ಜಿ ಕೇಳಬಹುದೆಂದು ಹೈಕೋರ್ಟು ಹೇಳಿತು. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟಿನ ಐವರಲ್ಲಿ ನಾಲ್ವರು, ತುರ್ತುಪರಿಸ್ಥಿತಿಯಲ್ಲಿ ಸೆರೆಯಾಳಿಗೆ ಕೋರ್ಟಿನ ಬಾಗಿಲು ಇಲ್ಲವೆಂದರು. ಬಾಗಿಲು ಇದೆಯೆಂದ ಎಚ್. ಆರ್. ಖನ್ನಾ ಮುಖ್ಯ ನ್ಯಾಯಾಧೀಶರಾಗಲಿಲ್ಲ. ನಮ್ಮ ಸ್ನೇಹಲತಾ ರೆಡ್ಡಿ ಬೆಂಗಳೂರಿನ ಸೆರೆಮನೆಯಲ್ಲಿ ಉಬ್ಬಸದಿಂದ ನವೆದು, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಆ ತೀರ್ಪನ್ನು ಸುಪ್ರೀಂ ಕೋರ್ಟು ತಾನೇ ಅಳಿಸಿದ್ದು 2017ರಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಖಟ್ಲೆಯಲ್ಲಿ. ನಲವತ್ತೊಂದು ವರ್ಷ!

ಕಾಸರಗೋಡಿನ ಎಡನೀರು ಮಠದ ಖಟ್ಲೆಯನ್ನೂ ಇಲ್ಲಿ ಹೇಳಬೇಕು. ಕೇರಳದ ಭೂಸುಧಾರಣೆಯ ವಿರುದ್ಧ ಕನ್ನಡದ ಸ್ವಾಮಿಗಳು, ಕೇಶವಾನಂದ ಭಾರತಿಯವರು, ಸುಪ್ರೀಂ ಕೋರ್ಟಿಗೆ ಹೋದರು. ಹದಿಮೂರು ನ್ಯಾಯಾಧೀಶರು 68 ದಿನ ಕೇಳಿ, 1973ರ ಏಪ್ರಿಲ್ 24ರಂದು ಏಳಕ್ಕೆ ಆರರಂತೆ, ಪಾರ್ಲಿಮೆಂಟು ಸಂವಿಧಾನದ ಮೂಲ ಚೌಕಟ್ಟನ್ನು ಕೆಡಿಸಲಾಗದೆಂದು ಹೇಳಿದರು. ಹದಿಮೂರು ಜನ ಒಂದೇ ಪುಸ್ತಕ ಓದಿ ಏಳು-ಆರಾಗುವುದಾದರೆ ಅದು ಮಗ್ಗಿಯಲ್ಲ. ಅದರೊಳಗೆ ಮನುಷ್ಯರ ನಂಬಿಕೆಗಳು ಕೆಲಸ ಮಾಡುತ್ತವೆ. ಕೂಡಲೆ ಸರಕಾರ ಮೂವರು ಹಿರಿಯ ನ್ಯಾಯಾಧೀಶರನ್ನು ಹಿಂದೆ ಹಾಕಿ ತನಗೆ ಬೇಕಾದವರನ್ನು ಮುಖ್ಯ ಪೀಠಕ್ಕೇರಿಸಿತು. ಹಿಂದೆ ಬಿದ್ದವರಲ್ಲಿ ಒಬ್ಬರು ದಕ್ಷಿಣ ಕನ್ನಡದ ಕೆ. ಎಸ್. ಹೆಗ್ಡೆ; ರಾಜೀನಾಮೆ ಬಿಸಾಕಿ ಬಂದರು, 1977ರಲ್ಲಿ ಬೆಂಗಳೂರಿನಿಂದ ಆರಿಸಿ ಹೋಗಿ ಲೋಕಸಭೆಯ ಸ್ಪೀಕರರಾದರು. ಮಠದ ಜಮೀನು ಉಳಿಸಲು ಹುಟ್ಟಿದ ವಾದ ಮುಂದೆ ನಮ್ಮಂಥವರ ಮತದ ಹಕ್ಕನ್ನು ಕಾಯುವ ಬೇಲಿಯಾಯಿತು. ಇದನ್ನು ಒಪ್ಪಿಕೊಳ್ಳುವುದಕ್ಕೆ ನಮಗೆ ನಾಚಿಕೆಯಿಲ್ಲ, ಆದರೆ ಸ್ವಲ್ಪ ಇರುಸುಮುರುಸು ಉಂಟು.

ಐರಣಿಗೆ ಮರಳೋಣ. ಉಳುವವನ ದಿನ ಕೊನೆಗೆ ನಮ್ಮ ಕಡೆ ಬಂದದ್ದು 1974ರ ಮಾರ್ಚ್ 1ಕ್ಕೆ, ದೇವರಾಜ ಅರಸರ ತಿದ್ದುಪಡಿಯಲ್ಲಿ. ಹದಿನೇಳು ವರ್ಷ ತಡ. ಅಂದು ಲಾವಣಿಯಲ್ಲಿದ್ದ ಹೊಲ ಸರಕಾರಕ್ಕೆ ಸೇರಿತು. ಫಾರಂ ನಂಬರ್ 7 ತುಂಬಿ ಕೊಟ್ಟವನು ತನ್ನ ಸಾಗುವಳಿಯನ್ನು ತೋರಿಸಿ ಒಡೆಯನಾಗಬೇಕು. ತಾಲೂಕಿಗೊಂದು ಭೂ ನ್ಯಾಯಮಂಡಳಿ. ಅಸಿಸ್ಟಂಟ್ ಕಮಿಶನರರ ಜೊತೆಗೆ ಸರಕಾರ ಹೆಸರಿಸಿದ ಸ್ಥಳೀಯರು. ಅಲ್ಲಿ ವಕೀಲರಿಗೆ ಪ್ರವೇಶವಿಲ್ಲ. ಒಕ್ಕಲಿಗ ತನ್ನ ಬಾಯಿಂದಲೇ ಹೇಳಬೇಕು. ‘ಇದು ಕಾಯದೆಯಲ್ಲ, ರಾಜಕೀಯ’ ಎಂದು ಆಗ ಕೂಗಿದವರು 1957ರಲ್ಲಿ ಎಲ್ಲಿದ್ದರು? ಆಗ ಅವರಿಗೆ ಅದು ಶುದ್ಧ ಕಾಯದೆಯಾಗಿ ಕಂಡಿತ್ತು. ವಕೀಲರನ್ನು ತಡೆದ ಕಲಮನ್ನು ಸುಪ್ರೀಂ ಕೋರ್ಟು 1987ರಲ್ಲಿ ರದ್ದು ಮಾಡಿತು. ಅಷ್ಟರೊಳಗೆ ಬಹುಪಾಲು ಅರ್ಜಿಗಳು ಮುಗಿದಿದ್ದವು.

ಆ ಕಾಯದೆಯನ್ನು ನಾವು ತಲೆಯ ಮೇಲೆ ಹೊತ್ತು ಕುಣಿಯುವುದಿಲ್ಲ. 1957ರಿಂದ 1974ರೊಳಗೆ ಹೆಬ್ಬೆಟ್ಟು ಒತ್ತಿ ಕೂಲಿಯಾದವನಿಗೆ ಅದರಲ್ಲಿ ಏನೂ ಇರಲಿಲ್ಲ, ಹುಟ್ಟು ಕೂಲಿಯವನಿಗಂತೂ ಇಲ್ಲವೇ ಇಲ್ಲ. ಪೇಟೆಯಲ್ಲಿ ಚಿಕ್ಕ ಅಂಗಡಿ ಇಟ್ಟುಕೊಂಡು ಊರಿನ ಎರಡೆಕರೆ ಲಾವಣಿಗೆ ಕೊಟ್ಟಿದ್ದ ವ್ಯಾಪಾರಸ್ಥನೂ, ಗಂಡ ಸತ್ತ ಹೆಂಗಸೂ ಅದರಿಂದ ನೊಂದರು. ನೂರೆಕರೆಯವನು ಹೊಲವನ್ನು ಮಕ್ಕಳ, ಅಳಿಯಂದಿರ ಹೆಸರಿಗೆ ಹಂಚಿ ನೆಮ್ಮದಿಯಾಗಿ ಕುಳಿತ. ಈ ಮಾತು ನಮ್ಮ ಕೆಲವು ಅಂಗಡಿಯ ವಾಚಕರ ಎದೆಯಲ್ಲಿ ಇಂದಿಗೂ ಮುಳ್ಳು. ಮುಳ್ಳು ಇಲ್ಲವೆಂದು ನಾವು ಹೇಳುವುದಿಲ್ಲ. ಕಾಯದೆ ಬರೆಯುವಾಗ ಅವರು ಎಲ್ಲಿಯೂ ಗುಂಪಾಗಿ ನಿಂತಿರಲಿಲ್ಲ. ಅದಕ್ಕೇ ಅವರ ಸಂಕಟ ಯಾವ ಕಲಮಿನಲ್ಲಿಯೂ ಬರಲಿಲ್ಲ.

ಗುಂಪಾಗಿ ನಿಂತರೆ ಏನಾಗುತ್ತದೆಂಬುದಕ್ಕೆ ಈಗಿನ ಹಾವೇರಿ ಜಿಲ್ಲೆಯಲ್ಲಿಯೇ ಸಾಕ್ಷಿ ಉಂಟು. ಊರ ಗಾಯರಾಣದಲ್ಲಿ ನೀಲಗಿರಿ ಹಚ್ಚುವ ಯೋಜನೆಯ ವಿರುದ್ಧ ಶಿವರಾಮ ಕಾರಂತರೂ ಸಮಾಜ ಪರಿವರ್ತನ ಸಮುದಾಯದವರೂ ಸುಪ್ರೀಂ ಕೋರ್ಟಿಗೆ ಹೋದರು. ಕುಸನೂರಿನಲ್ಲಿ ಜನ 1987ರ ನವೆಂಬರ್ 14ರಂದು ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಗಿಡ ಹಚ್ಚಿದರು. 1991ರಲ್ಲಿ ಆ ಯೋಜನೆಯ ಕಂಪನಿಯನ್ನೇ ಮುಚ್ಚುವ ತೀರ್ಮಾನವಾಯಿತು. ಅರ್ಜಿ ಗೆದ್ದಿತೋ ಗುದ್ದಲಿ ಗೆದ್ದಿತೋ ಎಂದು ಕೇಳಿದರೆ ಕುಸನೂರಿನವರು ನಗುತ್ತಾರೆ.

ಮೊನ್ನೆಯದೇ ತೆಗೆದುಕೊಳ್ಳಿರಿ. 2025ರ ಜುಲೈಯಲ್ಲಿ ವಾಣಿಜ್ಯ ತೆರಿಗೆಯವರು ಮೊಬೈಲಿನ ಹಣಪಾವತಿಯ ಲೆಕ್ಕ ಹಿಡಿದು ರಾಜ್ಯದ ಸಾವಿರಾರು ಸಣ್ಣ ಅಂಗಡಿಯವರಿಗೆ ಜಿಎಸ್‌ಟಿ ನೋಟೀಸು ಕೊಟ್ಟರು. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ ಬಂದದ್ದು 29 ಲಕ್ಷ ರೂಪಾಯಿ! ಹಸಿ ತರಕಾರಿಗೆ ತೆರಿಗೆಯೇ ಇಲ್ಲ. ‘ಕಾಯದೆ ಇರುವುದೇ ಹೀಗೆ, ನಾವೇನು ಮಾಡೋಣ?’ ಎಂದರು ಅಧಿಕಾರಿಗಳು. ಅಂಗಡಿಗಳಲ್ಲಿ ‘ಫೋನಿನ ಹಣ ಬೇಡ, ನಗದು ಕೊಡಿ’ ಎಂಬ ಚೀಟಿ ಅಂಟಿತು, ಬಂದಿನ ಕರೆ ಹೊರಟಿತು. ಜುಲೈ ಮುಗಿಯುವುದರೊಳಗೆ ಮುಖ್ಯಮಂತ್ರಿಗಳೇ ವ್ಯಾಪಾರಸ್ಥರನ್ನು ಕರೆದು, ಹಿಂದಿನ ಬಾಕಿ ವಸೂಲಿ ಮಾಡುವುದಿಲ್ಲ, ನೋಂದಣಿ ಮಾಡಿಕೊಳ್ಳಿರಿ ಎಂದರು. ಕಲಮುಗಳು ಅವೇ, ಪುಸ್ತಕ ಅದೇ. ಬದಲಾದದ್ದು ಏನು?

ಎದುರು ಪಕ್ಷದವರೂ ನಿದ್ದೆ ಮಾಡುತ್ತಿಲ್ಲ. 2020ರಲ್ಲಿ, ಜನ ಕೊರೋನಾಕ್ಕೆ ಹೆದರಿ ಮನೆ ಸೇರಿದ್ದಾಗ, ಒಂದು ಸುಗ್ರೀವಾಜ್ಞೆ ಬಂತು: ಒಕ್ಕಲುತನ ಮಾಡದವರು ಹೊಲ ಕೊಳ್ಳುವುದನ್ನು ತಡೆದಿದ್ದ 79ಎ, 79ಬಿ ಕಲಮುಗಳು ಹೋದವು. 1974ರಲ್ಲಿ ಹಾಕಿದ ಬೇಲಿ ಅದು. 2023ರ ಫೆಬ್ರವರಿಯಲ್ಲಿ ಕಾರ್ಖಾನೆ ಕಾಯದೆಗೆ ರಾಜ್ಯದ ತಿದ್ದುಪಡಿ ಪಾಸಾಯಿತು: ವಾರಕ್ಕೆ 48 ಗಂಟೆ ಮೀರದಂತೆ ದಿನಕ್ಕೆ 12 ಗಂಟೆಯ ತನಕ ದುಡಿಸಬಹುದು. ಆ 48 ಗಂಟೆ ಎಂಬುದೂ ಹಾಗೇ ಸಿಕ್ಕದ್ದಲ್ಲ; 1946ರಲ್ಲಿ, ಅಂಬೇಡಕರರು ಕಾರ್ಮಿಕ ಖಾತೆಯಲ್ಲಿದ್ದ ವರ್ಷಗಳ ದುಡಿಮೆಯಿಂದ, 54 ಇದ್ದದ್ದು 48ಕ್ಕೆ ಇಳಿದದ್ದು. ಹನ್ನೆರಡು ಗಂಟೆಗೆ ಕೆಲಸಗಾರನ ಲಿಖಿತ ಒಪ್ಪಿಗೆ ಬೇಕೆಂದು ಷರತ್ತು ಇಟ್ಟಿದ್ದಾರೆ. ಒಪ್ಪಿಗೆ! ಗೇಟಿನ ಹೊರಗೆ ಕೆಲಸಕ್ಕೆ ಕಾದು ನಿಂತವರು ಐವತ್ತು ಜನ. ಒಳಗೆ ಕೈಯಲ್ಲಿ ಪೆನ್ನು ಕೊಟ್ಟು ‘ಸ್ವಖುಷಿಯಿಂದ’ ಎಂದು ಬರೆಸುತ್ತಾರೆ.

ಲಾವಣಿಯ ಹೊಲ ಬಿಟ್ಟುಕೊಟ್ಟ ಅಜ್ಜಂದಿರ ಮೊಮ್ಮಕ್ಕಳು ಇಂದು ರಾಣೇಬೆನ್ನೂರು, ಹರಿಹರ, ದಾವಣಗೆರೆಗಳ ಗೇಟಿನಲ್ಲಿ ನಿಂತಿದ್ದಾರೆ. ಅವರಲ್ಲಿ ಯಾರಿಗಾದರೂ ಇಂಥ ಒಪ್ಪಿಗೆಯ ಕಾಗದ ಕೈಗೆ ಬಂದಿದ್ದರೆ, ಅಂಗಡಿಯವರಲ್ಲಿ ಯಾರಿಗಾದರೂ ಜುಲೈಯ ನೋಟೀಸು ಇನ್ನೂ ಹಿಂದೆ ಬೀಳದೆ ಉಳಿದಿದ್ದರೆ, ಸಹಿ ಮಾಡುವ ಮೊದಲು, ಹಣ ಕಟ್ಟುವ ಮೊದಲು ಆ ಕಾಗದವನ್ನು ನಮ್ಮ ಕಚೇರಿಗೆ ತರಬೇಕು. ಓದಿ ಹೇಳುವವರು ಸಂಜೆ ಆರರಿಂದ ಇರುತ್ತಾರೆ. ಒಬ್ಬೊಬ್ಬರಾಗಿ ಬರುವುದಕ್ಕಿಂತ ಒಂದು ಪಾಳಿಯವರು, ಒಂದು ಸಾಲಿನ ಅಂಗಡಿಯವರು ಕೂಡಿಯೇ ಬರಲಿ.